ಕುಡಿದು ಬಿದ್ದು ಬಂದೋರಿಗೆ ಬರೀ ಹೊಲಿಗೆ ಹಾಕಿದ್ರೆ ಸಾಕಾ?

ಪ್ರಶ್ನೆ: ಎಮರ್ಜೆನ್ಸಿಲಿ ನರ್ಸ್ ನಾನು. ಒಬ್ರು 2 ತಿಂಗಳಲ್ಲಿ ಮೂರನೇ ಸಲ ಹುಬ್ಬು ಒಡ್ಕೊಂಡು ಬಂದ್ರು, ಹಳೇ ಹೊಲಿಗೆ ಗುರುತಿನ ಪಕ್ಕದಲ್ಲೇ ಹೊಸದು ಹಾಕಿದ್ವಿ. ಕುಡಿತದ ಬಗ್ಗೆ ಕೇಳೋಕೆ ಟೈಮೂ ಇಲ್ಲ, ಮುಜುಗರ ಬೇರೆ. ನೀವೆಲ್ಲ ಹೇಗೆ ಕೇಳ್ತೀರಾ?

ಉತ್ತರ: ಆಡಿಟ್-ಸಿ ಅಂತ ಕುಡಿತ ಎಷ್ಟಿದೆ ಅಂತ ತಿಳಿಯೋ ಚಿಕ್ಕ ಪ್ರಶ್ನಾವಳಿ ಇದೆ, ಟ್ರೈ ಮಾಡಿ ಮೇಡಂ, ಬರೀ 3 ಪ್ರಶ್ನೆ, ಎಷ್ಟು ದಿನಕ್ಕೊಮ್ಮೆ, ಕುಡಿದ ದಿನ ಎಷ್ಟು, ಒಂದೇ ಸಲಕ್ಕೆ 6 ಅಥವಾ ಜಾಸ್ತಿ ಡ್ರಿಂಕ್ಸ್ ಕುಡಿಯೋದು ಎಷ್ಟು ಸಲ ಅಂತ. ಅಮಲು ಇಳಿದ್ಮೇಲೆ ಕೇಳಿ. ಬುದ್ಧಿ ಹೇಳೋಕೆ ಹೋದ್ರೆ ಬಾಯಿ ಮುಚ್ಕೋತಾರೆ, "ಈ ಗಾಯಕ್ಕೂ ಕುಡಿತಕ್ಕೂ ಸಂಬಂಧ ಇದೆ ಅನ್ಸುತ್ತಾ" ಅಂತ ಕೇಳಿ ಸುಮ್ನಿರಿ.

ಉತ್ತರ: ಹುಷಾರು, ದಿನಾ ಜಾಸ್ತಿ ಕುಡಿಯೋರಿಗೆ ಇವತ್ತೇ ಬಿಟ್ಬಿಡಿ ಅನ್ಬೇಡಿ, 6ರಿಂದ 48 ಗಂಟೆಲಿ ಫಿಟ್ಸ್ ಬರಬಹುದು, ಡಾಕ್ಟರ್ ನೋಡ್ಲಿ. ತಲೆಗೆ ಪೆಟ್ಟಾಗಿ ತೊದಲ್ತಿದ್ರೆ ಎಣ್ಣೆ ಏಟು ಅಂತ ಬಿಡೋದೂ ತಪ್ಪು.

ಪ್ರಶ್ನೆ ಕೇಳಿದವರು: ಫಿಟ್ಸ್ ವಿಷ್ಯ ಹೊಳೆದೇ ಇರ್ಲಿಲ್ಲ, ಥ್ಯಾಂಕ್ಸ್.