ಬಸುರಿಯ ಸೊಂಟನೋವಿಗೆ ಯಾವ ಗುಳಿಗೆ? ನಮ್ಮ ಕಡೆಯವರ ಅನುಭವ

ಕೇಳಿದವರು ಗಂಗಾವತಿಯಿಂದ:

ಅಕ್ಕಂದಿರೇ, ನನಗೀಗ 22 ವಾರ. ಮೊದಲ ಬಸುರು. ಸೊಂಟ ಹಿಡಿದುಕೊಂಡಿದೆ. ಎರಡು ದಿನದಿಂದ ತಲೆನೋವೂ ಇದೆ. ಅತ್ತೆಯವರು ತಮ್ಮ ಮೊಣಕಾಲು ನೋವಿನ ಗುಳಿಗೆಯಲ್ಲೇ ಅರ್ಧ ತಗೋ ಅಂತಾರೆ. ಡೋಲೋ ತಗೊಂಡರೆ ಮಗುವಿನ ಬುದ್ಧಿಗೆ ತೊಂದರೆ ಅಂತ ವಾಟ್ಸಾಪ್‌ನಲ್ಲಿ ಬಂದಿದೆ. ನೀವೆಲ್ಲ ಏನು ಮಾಡಿದಿರಿ?

ಸಿಂಧನೂರಿನಿಂದ:

ತಂಗಿ, ಅತ್ತೆಯವರ ಗುಳಿಗೆ ಮುಟ್ಟಬೇಡ. ಅರ್ಧವೂ ಬೇಡ. ನಾನು ಅಂಥದ್ದೇ ನುಂಗಿದ್ದೆ, ಅದಕ್ಕೇ ಇಷ್ಟು ಗಟ್ಟಿಯಾಗಿ ಹೇಳುತ್ತಿದ್ದೇನೆ.

ನನ್ನ ಎರಡನೇ ಬಸುರು, ಏಳನೇ ತಿಂಗಳು. ಭತ್ತದ ನಾಟಿ ಕಾಲ. ಆಳುಗಳಿಗೆ ರೊಟ್ಟಿ ಬಡಿದು ಬಡಿದು ಸೊಂಟ ಬಿದ್ದುಹೋಗಿತ್ತು. ಮನೆಯವರನ್ನು ಮೆಡಿಕಲ್‌ಗೆ ಕಳಿಸಿದೆ. ಇವರು ಸೊಂಟನೋವಿಗೆ ಗುಳಿಗೆ ಕೊಡಿ ಅಂದರು, ಅಂಗಡಿಯವನು ಕೊಟ್ಟ. ಯಾರಿಗೆ ಅಂತ ಅವನು ಕೇಳಲಿಲ್ಲ, ಬಸುರಿಗೆ ಅಂತ ಇವರು ಹೇಳಲಿಲ್ಲ. ಮೂರು ದಿನ ನುಂಗಿದೆ. ನೋವು ಹೋಯಿತು, ಖುಷಿಯೂ ಆಯಿತು. ನಾಲ್ಕನೇ ದಿನ ತಪಾಸಣೆಗೆ ಹೋದಾಗ ನನ್ನ ಪರ್ಸಿನಲ್ಲಿದ್ದ ಶೀಟು ನೋಡಿದ ಡಾಕ್ಟರಮ್ಮ ಆಗಲೇ ಸ್ಕ್ಯಾನಿಂಗ್‌ಗೆ ಬರೆದರು. ಅದರಲ್ಲಿ ಪ್ಯಾರಾಸಿಟಮಾಲ್ ಜೊತೆ ಐಬುಪ್ರೊಫೇನ್ ಇತ್ತು. ದೇವರ ದಯೆ, ಮಗುವಿನ ಸುತ್ತ ನೀರು ಸರಿಯಾಗಿತ್ತು. ಆದರೆ ಬೆಂಚಿನ ಮೇಲೆ ಕೂತು ಕಾದ ಆ ಎರಡು ತಾಸು ಇವತ್ತಿಗೂ ಮರೆತಿಲ್ಲ.

ಡಾಕ್ಟರಮ್ಮ ಆಮೇಲೆ ಬಿಡಿಸಿ ಹೇಳಿದರು. ಐಬುಪ್ರೊಫೇನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆಸಿಡ್ ಎಲ್ಲ ಒಂದೇ ಗುಂಪು. ಹೊಟ್ಟೆಯಲ್ಲಿ ಮಗುವಿನ ಸುತ್ತ ಇರುವ ನೀರು ಐದನೇ ತಿಂಗಳ ಹೊತ್ತಿಗೆ ಹೆಚ್ಚುಪಾಲು ಮಗುವಿನ ಮೂತ್ರವೇ ಆಗಿರುತ್ತದಂತೆ. ಈ ಗುಳಿಗೆಗಳಿಂದ ಮಗುವಿನ ಕಿಡ್ನಿ ಸರಿಯಾಗಿ ಕೆಲಸ ಮಾಡದೆ ನೀರು ಕಮ್ಮಿಯಾಗಬಹುದು. ಅಮೆರಿಕದ ಔಷಧ ಇಲಾಖೆ 2020ರಲ್ಲಿ, 20 ವಾರದಿಂದ ಮುಂದೆ ಇವು ಬೇಡ ಅಂತ ಎಚ್ಚರಿಸಿದೆ. 30 ವಾರ ದಾಟಿದರೆ ಇನ್ನೊಂದು ಅಪಾಯ. ಹುಟ್ಟಿದ ಮೇಲೆ ಮುಚ್ಚಬೇಕಾದ ಹೃದಯದ ಹತ್ತಿರದ ಒಂದು ರಕ್ತನಾಳ ಹೊಟ್ಟೆಯಲ್ಲೇ ಮುಚ್ಚಲು ಶುರುವಾಗಬಹುದು. 20 ವಾರದ ಒಳಗೂ ಡಾಕ್ಟರ್ ಹೇಳದೆ ಇವನ್ನು ತಗೊಳ್ಳಬಾರದು.

ಅದಕ್ಕೇ ಶೀಟಿನ ಮೇಲಿನ ದೊಡ್ಡ ಹೆಸರು ನೋಡಬೇಡ. ಹಿಂದೆ ಸಣ್ಣ ಅಕ್ಷರದಲ್ಲಿರುವುದನ್ನು ಓದು, ಓದಲಾಗದಿದ್ದರೆ ಓದಿಸು. ಕಾಂಬಿಫ್ಲಾಮ್‌ನಲ್ಲಿ ಐಬುಪ್ರೊಫೇನ್ ಇದೆ. ಕಾಲುನೋವು, ಕೀಲುನೋವಿನ ಗುಳಿಗೆಗಳಲ್ಲಿ ಅಸೆಕ್ಲೊಫೆನಾಕ್ ಬಹಳ.

ಬಳ್ಳಾರಿಯಿಂದ:

ನಾನು ನರ್ಸ್, ಎರಡು ಮಕ್ಕಳ ತಾಯಿ. ಸಿಂಧನೂರಿನ ಅಕ್ಕ ಹೇಳಿದ್ದು ಸರಿ. ನಾನು ಡೋಲೋ ಬಗ್ಗೆ ಹೇಳುತ್ತೇನೆ. ಡೋಲೋ, ಕ್ರೋಸಿನ್ ಅಂದರೆ ಪ್ಯಾರಾಸಿಟಮಾಲ್. ಬಸುರಿಯರಿಗೆ ನೋವು, ಜ್ವರ ಬಂದರೆ ಡಾಕ್ಟರುಗಳು ಮೊದಲು ಬರೆಯುವುದೇ ಇದನ್ನು. ಬುದ್ಧಿಗೆ ತೊಂದರೆ ಅನ್ನೋ ಸುದ್ದಿಗೆ ಹೆದರಬೇಡಮ್ಮ. ಸ್ವೀಡನ್‌ನಲ್ಲಿ ಸುಮಾರು 25 ಲಕ್ಷ ಮಕ್ಕಳನ್ನು ನೋಡಿದ ಅಧ್ಯಯನ 2024ರಲ್ಲಿ ಬಂತು. ಒಂದೇ ತಾಯಿಯ ಮಕ್ಕಳನ್ನು ಒಬ್ಬರ ಜೊತೆ ಒಬ್ಬರನ್ನು ಹೋಲಿಸಿದಾಗ ಮಕ್ಕಳಿಗೆ ಮಾತಾಡುವುದು, ಬೇರೆಯವರ ಜೊತೆ ಬೆರೆಯುವುದು ಕಷ್ಟವಾಗುವ ಆಟಿಸಂಗೂ ಈ ಮಾತ್ರೆಗೂ ನಂಟು ಕಾಣಲಿಲ್ಲ. ಜ್ವರವನ್ನು ಸುಮ್ನೆ ಬಿಡುವುದೇ ಮಗುವಿಗೆ ಕೆಟ್ಟದ್ದು.

ಹಾಗಂತ ದಿನಾ ನುಂಗುವುದಲ್ಲ. ಕಮ್ಮಿ ಡೋಸ್, ಕಮ್ಮಿ ದಿನ. ಒಂದು ಗುಳಿಗೆಗೂ ಇನ್ನೊಂದಕ್ಕೂ ನಡುವೆ ಕನಿಷ್ಠ 4ರಿಂದ 6 ತಾಸು ಇರಲಿ. ದೊಡ್ಡವರಿಗೆ ದಿನಕ್ಕೆ 4 ಗ್ರಾಂ ಮೇಲಿನ ಮಿತಿ, ತೂಕ 50 ಕೆಜಿಗಿಂತ ಕಮ್ಮಿ ಇದ್ದರೆ ಅದಕ್ಕಿಂತ ಕಮ್ಮಿ. ನಿನಗೆ ಎಷ್ಟು ಅಂತ ಡಾಕ್ಟರೇ ಹೇಳಲಿ. ನೆಗಡಿ ಗುಳಿಗೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡೂ ಸೇರಿದರೆ ಜಾಸ್ತಿಯಾಗುತ್ತದೆ.

ಆದರೆ ತಂಗಿ, ನನಗೆ ನಿನ್ನ ಸೊಂಟಕ್ಕಿಂತ ತಲೆನೋವಿನದೇ ಯೋಚನೆ. 20 ವಾರ ದಾಟಿದ ಮೇಲೆ ತಲೆನೋವು ಬಿಡದಿದ್ದರೆ ಮೊದಲು ಬಿಪಿ ನೋಡಿಸಬೇಕು. 140/90 ಅಥವಾ ಮೇಲಿದ್ದರೆ ಅದು ಗುಳಿಗೆ ನುಂಗಿ ಮಲಗುವ ತಲೆನೋವಲ್ಲ. ಕಣ್ಣು ಮಂಜಾಗುವುದು, ಮುಖ ಕೈ ಬಾವು ಬರುವುದು, ಎದೆಗೂಡಿನ ಕೆಳಗೆ ನೋವು ಇದ್ದರೆ ಬೆಳಗಾಗಲಿ ಅಂತ ಕಾಯಬೇಡ, 108ಕ್ಕೆ ಫೋನ್ ಮಾಡು. ಬಿಪಿ ಏರದಿರಲಿ ಅಂತ ಕೆಲವರಿಗೆ ಡಾಕ್ಟರ್ ಸಣ್ಣ ಡೋಸಿನ ಆಸ್ಪಿರಿನ್ ಬರೆದಿರುತ್ತಾರೆ. ಈ ಮಾತೆಲ್ಲ ಓದಿ ಅದನ್ನು ಯಾರೂ ನಿಲ್ಲಿಸಬೇಡಿ. ನೋವಿಗೆ ಅಂತ ತಾವಾಗಿ ನುಂಗುವ ಆಸ್ಪಿರಿನ್ ಬೇರೆ, ಅದು ಬೇಡ.

ರಾಯಚೂರಿನ ಹತ್ತಿರದ ಹಳ್ಳಿಯಿಂದ:

ನಮ್ಮೂರಲ್ಲಿ ಗುಳಿಗೆಗಿಂತ ಸೂಜಿಯದೇ ಭಯ. ಮೈಕೈ ನೋವು ಅಂದರೆ ಸಾಕು, ಸೂಜಿ ಮಾಡಿಬಿಡುತ್ತಾರೆ. ಅದರಲ್ಲೂ ಡೈಕ್ಲೊಫೆನಾಕ್ ಇರಬಹುದು. ನನ್ನ ನಾದಿನಿಗೆ ಮೂರನೇ ತಿಂಗಳು, ಹೊಟ್ಟೆ ಕಾಣುತ್ತಿರಲಿಲ್ಲ, ನಾಚಿಕೊಂಡು ಹೇಳಿರಲಿಲ್ಲ. ನಾನೇ ಜೊತೆಗಿದ್ದೆ, ಸೂಜಿ ತುಂಬುವಾಗ ತಡೆದೆ. ಎಲ್ಲಿ ಹೋದರೂ ಮೊದಲ ಮಾತೇ ನಾನು ಬಸುರಿ ಅಂತ ಇರಲಿ. ಹಚ್ಚುವ ಮುಲಾಮಿನಲ್ಲೂ ಡೈಕ್ಲೊಫೆನಾಕ್ ಇರುತ್ತದೆ, ಕೇಳಿಯೇ ಹಚ್ಚು.

ನನ್ನ ಸೊಂಟನೋವಿಗೆ ಕಾರಣ ಸಡಿಲಾದ ಹೊರಸು. ಗಟ್ಟಿ ಹಾಸಿಗೆಗೆ ಬದಲಾಯಿಸಿ, ಎಡ ಮಗ್ಗುಲಾಗಿ, ಮೊಣಕಾಲ ನಡುವೆ ದಿಂಬಿಟ್ಟು ಮಲಗಿದೆ. ವಾರದಲ್ಲಿ ಅರ್ಧ ನೋವು ಇಳಿಯಿತು. ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಸೊಂಟಕ್ಕೆ ಕಾವು ಕೊಡಬಹುದು. ಸುಡುವಷ್ಟು ಬೇಡ, ಹೊಟ್ಟೆಗಂತೂ ಬೇಡವೇ ಬೇಡ. ನಮ್ಮ ಬಿಸಿಲಿಗೆ ನೀರು ಕಮ್ಮಿ ಕುಡಿದರೂ ತಲೆ ಸಿಡಿಯುತ್ತದೆ, ಅಲ್ವಾ? ನೀರು, ಮಜ್ಜಿಗೆ ಕುಡಿಯುತ್ತಿರು. ನೋವು ಬಂದು ಬಂದು ಹೋಗುತ್ತಿದ್ದರೆ, ರಕ್ತ ಅಥವಾ ನೀರು ಹೋದರೆ ಮಾತ್ರ ಮನೆಯಲ್ಲಿ ಕೂರಬೇಡ.

ಗಂಗಾವತಿಯಿಂದ ಮತ್ತೆ:

ಅಕ್ಕಂದಿರೇ, ಅತ್ತೆಯವರ ಶೀಟಿನ ಹಿಂದೆ ಓದಿದೆ. ಅಸೆಕ್ಲೊಫೆನಾಕ್ ಅಂತಲೇ ಇದೆ. ಅತ್ತೆಗೂ ತೋರಿಸಿದೆ. ಗಾಬರಿಯಾಗಿ ತಾವೇ ತೆಗೆದು ಮೇಲಿಟ್ಟರು. ನಾಡಿದ್ದು 9ನೇ ತಾರೀಖು, ಸರ್ಕಾರಿ ಆಸ್ಪತ್ರೆಯಲ್ಲಿ ಬಸುರಿಯರ ಉಚಿತ ತಪಾಸಣೆ ಇದೆ, ಅಲ್ಲಿಯವರೆಗೆ ಕಾಯೋಣ ಅಂದುಕೊಂಡಿದ್ದೆ. ಆದರೆ ಆಶಾ ಅಕ್ಕನಿಗೆ ಫೋನ್ ಮಾಡಿದೆ, ತಲೆನೋವು ಅಂದ ಕೂಡಲೇ ಈಗಲೇ ಹೊರಡು ಅಂದರು. ತಾಯಿ ಕಾರ್ಡ್ ತಗೊಂಡು ಹೊರಟಿದ್ದೇವೆ. ಬಿಪಿ ಎಷ್ಟು ಬಂತು ಅಂತ ಸಂಜೆ ಹೇಳುತ್ತೇನೆ.