ಕಲೋನ್ ಕೆಥೆಡ್ರಲ್ ನಿಜಕ್ಕೂ ಎಷ್ಟು ಹಳೆಯದು?

ಲಷ್ಕರ್ ಮೊಹಲ್ಲಾ:
ನಮ್ಮ ಮೈಸೂರಿನ ಫಿಲೋಮಿನಾ ಚರ್ಚ್ ಜರ್ಮನಿಯ ಕಲೋನ್ ಕೆಥೆಡ್ರಲ್ ನೋಡಿ ಕಟ್ಟಿದ್ದು ಅಂತ ಚಿಕ್ಕಂದಿನಿಂದ ಕೇಳಿದ್ದೇನೆ. ಈಗ ತಂಗಿ ಓದೋಕೆ ಅಲ್ಲಿಗೇ ಹೋಗಿದ್ದಾಳೆ, ಫೋಟೋ ಕಳಿಸಿದ್ದಾಳೆ. ಆ ಜೋಡಿ ಗೋಪುರ ಎಷ್ಟು ಚೆನ್ನಾಗಿದೆ! ಆದರೆ ಒಂದು ಕಡೆ 1248 ಅಂತ ಇದೆ, ಇನ್ನೊಂದು ಕಡೆ 1880 ಅಂತ. ಯಾವುದು ಸರಿ? ಒಳಗೆ ಅವಳು ತಪ್ಪದೆ ನೋಡಬೇಕಾದ್ದು ಏನು?

ಕಲ್ಲುಗಾರೆ:
ಎರಡೂ ಸರಿ. 1248ರಲ್ಲಿ ಅಡಿಗಲ್ಲು ಹಾಕಿದರು, ಮೊದಲ ಮೇಸ್ತ್ರಿ ಗೆರ್ಹಾರ್ಡ್. 1322ಕ್ಕೆ ಪೂರ್ವದ ಭಾಗ ಮುಗಿದು ಪೂಜೆ ಶುರುವಾಯಿತು. ಆಮೇಲೆ ಕೆಲಸ ಕುಂಟುತ್ತಾ ಬಂದು 16ನೇ ಶತಮಾನದಲ್ಲಿ ನಿಂತೇ ಹೋಯಿತು. ಅರ್ಧ ಎದ್ದ ದಕ್ಷಿಣದ ಗೋಪುರದ ಮೇಲೆ ಕಲ್ಲು ಎತ್ತುವ ಮರದ ಕ್ರೇನ್ ನೂರಾರು ವರ್ಷ ಹಾಗೇ ಇತ್ತು, ಊರಿನ ಗುರುತೇ ಅದಾಗಿತ್ತು. 1842ರಲ್ಲಿ ಮತ್ತೆ ಕೈ ಹಚ್ಚಿ 1880ರಲ್ಲಿ ಮುಗಿಸಿದರು. ಅಂದರೆ ಫೋಟೋದಲ್ಲಿ ಕಾಣುವ ಗೋಪುರಗಳ ಬಹುಪಾಲು 19ನೇ ಶತಮಾನದ್ದು. ಹಾಗಂತ ಸುಮ್ನೆ ನಕಲಿ ಅನ್ನೋದನ್ನು ನಾನು ಒಪ್ಪೋದಿಲ್ಲ. ಮುಂಭಾಗಕ್ಕೆ ಹಳೇ ಮೇಸ್ತ್ರಿಗಳು ಚರ್ಮದ ಹಾಳೆಯ ಮೇಲೆ ಬರೆದಿದ್ದ ನಕ್ಷೆ, ಸುಮಾರು ನಾಲ್ಕು ಮೀಟರ್ ಎತ್ತರದ್ದು, ಕಳೆದುಹೋಗಿತ್ತು. ಅದರ ಒಂದು ತುಂಡು 1814ರಲ್ಲಿ ಡಾರ್ಮ್‌ಸ್ಟಾಟ್‌ನಲ್ಲಿ ಸಿಕ್ಕಿತು, ಇನ್ನೊಂದು 1816ರಲ್ಲಿ ಪ್ಯಾರಿಸ್‌ನಲ್ಲಿ. ಅದನ್ನು ಹಿಡಿದೇ 157 ಮೀಟರ್ ಎತ್ತರಕ್ಕೆ ಕಟ್ಟಿದರು. ಐನೂರು ವರ್ಷ ಹಿಂದಿನವರ ಗೆರೆಯನ್ನು ಅಷ್ಟು ನಿಷ್ಠೆಯಿಂದ ಪಾಲಿಸೋದು ದೊಡ್ಡ ಕೆಲಸ ಅಲ್ವಾ?

ಚಿತ್ರಕಲೆ ಟೀಚರ್:
ಒಳಗೆ ಹೋದ ತಕ್ಷಣ ಗೆರೋ ಶಿಲುಬೆ ಎಲ್ಲಿದೆ ಅಂತ ಕೇಳಲು ಹೇಳಿ. ಓಕ್ ಮರದ್ದು, 10ನೇ ಶತಮಾನದ್ದು, ಕಟ್ಟಡಕ್ಕಿಂತಲೇ ಹಳೆಯದು. ಆ ಕಾಲದಲ್ಲಿ ಶಿಲುಬೆಯ ಮೇಲಿನ ಯೇಸುವನ್ನು ಕಣ್ಣು ತೆರೆದ, ಸಾವನ್ನು ಗೆದ್ದ ರಾಜನಂತೆ ತೋರಿಸುತ್ತಿದ್ದದ್ದೇ ಜಾಸ್ತಿ. ಇಲ್ಲಿ ತಲೆ ಬಾಗಿದೆ, ಕಣ್ಣು ಮುಚ್ಚಿದೆ, ಮೈಯೆಲ್ಲಾ ಜೋತುಬಿದ್ದಿದೆ. ಒಬ್ಬ ಮನುಷ್ಯ ಸತ್ತಿದ್ದಾನೆ ಅಂತ ಎದೆಗೆ ತಟ್ಟುತ್ತದೆ. ಪೀಠದ ಹಿಂದೆ, ಯೇಸು ಹುಟ್ಟಿದಾಗ ನೋಡಲು ಬಂದ ಮೂವರು ಜ್ಞಾನಿಗಳ ಚಿನ್ನದ ಪೆಟ್ಟಿಗೆ ಇದೆ. ಅವರ ಅವಶೇಷಗಳು 1164ರಲ್ಲಿ ಮಿಲಾನ್‌ನಿಂದ ಬಂದವು, ಯಾತ್ರಿಕರು ಮುಗಿಬಿದ್ದರು. ಇಷ್ಟು ದೊಡ್ಡ ಚರ್ಚ್ ಬೇಕಾಗಿದ್ದೂ ಅದಕ್ಕೇ.

ಮಂಡ್ಯದವಳು:
ನಮ್ಮ ಸೋಮನಾಥಪುರದ ಕೇಶವ ದೇವಸ್ಥಾನ 1258ರದ್ದು. ಕಲೋನ್‌ಗೆ ಅಡಿಗಲ್ಲು ಬಿದ್ದು ಹತ್ತೇ ವರ್ಷ! ಆದರೆ ಕಟ್ಟುವ ದಾರಿಯೇ ಬೇರೆ. ಅಲ್ಲಿ ಚೂಪು ಕಮಾನು, ಭಾರವನ್ನು ಹೊರಗಿನಿಂದ ತಡೆಯೋಕೆ ಊರುಗೋಲಿನಂಥ ಕಲ್ಲಿನ ಆಸರೆಗಳು, ಅದರಿಂದ ಗೋಡೆಗೆ ಹೊರೆ ತಪ್ಪಿ ಬಣ್ಣದ ಗಾಜಿಗೆ ಜಾಗ ಆಯಿತು. ಇಲ್ಲಿ ಕಂಬ, ತೊಲೆ, ಭಾರ ನೇರ ಕೆಳಕ್ಕೆ. ಗೋಡೆ ಉಳಿಯಿತು, ಮೆತ್ತಗಿನ ಬಳಪದ ಕಲ್ಲು ಸಿಕ್ಕಿತು, ಶಿಲ್ಪಿಗಳು ಒಂದು ಗೇಣೂ ಬಿಡದೆ ಕೆತ್ತಿದರು.

ಲಷ್ಕರ್ ಮೊಹಲ್ಲಾ:
ಎಲ್ಲರಿಗೂ ಥ್ಯಾಂಕ್ಸ್. ಫಿಲೋಮಿನಾಗೆ 1933ರಲ್ಲಿ ನಾಲ್ವಡಿಯವರು ಅಡಿಗಲ್ಲು ಹಾಕಿದಾಗ ಕಲೋನ್ ಗೋಪುರ ಮುಗಿದು ಬರೀ 53 ವರ್ಷ ಆಗಿತ್ತು ಅಂತ ಈಗ ಹೊಳೆಯಿತು. ಸೋಮನಾಥಪುರದಲ್ಲಿ ಶಿಲ್ಪಿಗಳ ಹೆಸರು ಇದೆಯಂತೆ, ಎಲ್ಲಿ ನೋಡಬೇಕು?

ಮಂಡ್ಯದವಳು:
ಹೊರಗೋಡೆಯ ವಿಗ್ರಹಗಳ ಪಾದದ ಕೆಳಗಿನ ಪಟ್ಟಿ ನೋಡಿ. ಮಲ್ಲಿತಮ್ಮನ ಹೆಸರು ಜಾಸ್ತಿ ಸಿಗುತ್ತದೆ, ಕೆಲವು ಕಡೆ ಬರೀ ‘ಮ’ ಅಂತ ಇರುತ್ತದೆ.