ಪದಚರ್ಚೆ: ಟೂತ್‌ಪೇಸ್ಟ್ ಟ್ಯೂಬಿನ ಮೇಲೆ 'ಟಾರ್ಟರ್'ಗೆ ಏನು ಹಾಕಲಿ? (ತುರ್ತು)

ವ. ಬರೆದದ್ದು:
ಎಲ್ಲರಿಗೂ ನಮಸ್ಕಾರ. ಒಂದು ಟೂತ್‌ಪೇಸ್ಟ್ ಟ್ಯೂಬಿನ ಕನ್ನಡ ಬರಹ ನನ್ನ ಪಾಲಿಗೆ ಬಂದಿದೆ, ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ಟಾರ್ಟರ್ ಅಂದರೆ ಹಲ್ಲಿಗೆ ಗಟ್ಟಿಯಾಗಿ ಕಟ್ಟುವ ಕೊಳೆ; ಅದರ ಸಾಲಿಗೆ ಹಿಂದಿನವರು 'ದಂತಶರ್ಕರ ಸಂಚಯ ನಿವಾರಕ' ಎಂದು ಬರೆದಿಟ್ಟಿದ್ದಾರೆ. ಅದನ್ನು ಓದಿದ ನಮ್ಮತ್ತೆ, "ಪೇಸ್ಟಿಗೂ ಸಕ್ಕರೆ ಹಾಕ್ತಾರೇನೇ?" ಅಂದರು. 'ಪಾಚಿ' ಅನ್ನೋಣವೆಂದರೆ ಕೆಳಗೆ 'ಪ್ಲೇಕ್' (ಹಲ್ಲಿನ ಮೇಲಿನ ಮೆತ್ತನೆಯ ಪದರ) ಬೇರೆ ಇದೆ, ಎರಡಕ್ಕೂ ಒಂದೇ ಪದ ಆಗದು. ಜಾಗ ಒಂದೇ ಸಾಲು.

ಶಾ. ಬರೆದದ್ದು:
ದಂತಶರ್ಕರದಲ್ಲಿ ತಪ್ಪೇನಿದೆ? ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಬಾಯಿಯ ರೋಗ ಹೇಳುವಲ್ಲಿ ಇದೇ ಹೆಸರಿದೆ: ಹಲ್ಲಿನ ಕೊಳೆ ಮರಳಿನಂತೆ ಗಟ್ಟಿಯಾಗಿ ಕೂರುವುದು. ಶರ್ಕರಾ ಎಂದರೆ ಹರಳು, ನೊರಜುಗಲ್ಲು. ಇದಕ್ಕೇ ಡಾಕ್ಟರುಗಳು ಅನ್ನುವ 'ಕ್ಯಾಲ್ಕುಲಸ್' ಕೂಡ ಲ್ಯಾಟಿನ್ನಿನ ಸಣ್ಣ ಕಲ್ಲೇ. 'ಟಾರ್ಟರ್' ಮಾತ್ರ ವೈನಿನ ಪೀಪಾಯಿಯ ಒಳಗೋಡೆಗೆ ಅಂಟುವ ಗಷ್ಟಿನ ಹೆಸರು. ಪೀಪಾಯಿ ನಡೆಯುತ್ತದೆ, ಸುಶ್ರುತ ನಡೆಯುವುದಿಲ್ಲವೋ?

ಕೆ. ಬರೆದದ್ದು:
ನಡೆಯುವುದಿಲ್ಲ. ಟ್ಯೂಬ್ ಕೊಳ್ಳುವುದು ಅತ್ತೆ, ಸುಶ್ರುತನಲ್ಲ. ಶರ್ಕರಾ ಕನ್ನಡಕ್ಕೆ ಬಂದು ಸಕ್ಕರೆಯಾಗಿ ಯಾವ ಕಾಲವಾಯಿತು, ಈಗ ಅದನ್ನು ವಾಪಸ್ ಕಲ್ಲು ಮಾಡಲಾಗದು. 'ಕಿಟ್ಟ' ಇದೆಯಲ್ಲ? ಕಬ್ಬಿಣದ ಕಿಟ್ಟ, ಎಣ್ಣೆ ಕಿಟ್ಟ. ಅಚ್ಚಗನ್ನಡ. ಮುಗಿಯಿತು.

ಶಾ. ಬರೆದದ್ದು:
> ಅಚ್ಚಗನ್ನಡ
ಹೌದೇ? ಆಯುರ್ವೇದದ ಮಂಡೂರ ಎಂದರೆ ಲೋಹಕಿಟ್ಟ. ಉಂಡ ಅನ್ನ ಸಾರ, ಕಿಟ್ಟ ಎಂದು ಎರಡಾಗುತ್ತದೆ ಎನ್ನುವುದೂ ಅಲ್ಲಿಯದೇ.

ಕೆ. ಬರೆದದ್ದು:
ತಮಿಳಿನಲ್ಲೂ ಕಿಟ್ಟಂ ಇದೆ. ಸಂಸ್ಕೃತದಲ್ಲಿ ಸಿಕ್ಕಿದ್ದೆಲ್ಲ ಸಂಸ್ಕೃತದ್ದಾಗುವುದಿಲ್ಲ. ಮೀನ, ನೀರ ಅಲ್ಲಿಗೆ ಎಲ್ಲಿಂದ ಹೋದವು? ಸಾಲ ಕೊಟ್ಟವರನ್ನೇ ಸಾಲಗಾರರೆನ್ನುವ ಚಾಳಿ ಬಿಡಿ.

ಮ. ಬರೆದದ್ದು:
ನಮ್ಮದು ಕೋಲಾರದ ಕಡೆ, ಬೋರ್‌ವೆಲ್ ನೀರು. ಹಂಡೆಗೆ ಸುಣ್ಣ ಕಟ್ಟುತ್ತದೆ ಅನ್ನುತ್ತೇವೆ. 'ಹಲ್ಲುಸುಣ್ಣ' ಆಗದೇ?

ಕೆ. ಬರೆದದ್ದು:
ಎಲೆಅಡಿಕೆ ಹಾಕುವವರು ನಕ್ಕಾರು.

ರ. ಬರೆದದ್ದು:
ಪದದ ಜಾತಕ ಆಮೇಲೆ ನೋಡಿಕೊಳ್ಳಿ. ನಾನು ಹಲ್ಲಿನ ಡಾಕ್ಟರು, ದಿನಾ ಇದನ್ನೇ ಕೆರೆಯುವವಳು. ಪ್ಲೇಕ್ ಅಂದರೆ ಉಗುರಿನಲ್ಲಿ ಗೀರಿದರೆ ಬರುವ ಮೆತ್ತನೆಯ ಲೋಳೆ, ಬ್ಯಾಕ್ಟೀರಿಯಾಗಳ ಪದರ. ತಿಕ್ಕದೆ ಬಿಟ್ಟರೆ ಜೊಲ್ಲಿನಲ್ಲಿರುವ ಕ್ಯಾಲ್ಸಿಯಂ, ಫಾಸ್ಫೇಟ್ ಅದರೊಳಗೆ ಸೇರಿ ಕಲ್ಲಾಗುತ್ತದೆ. ಟಾರ್ಟರ್ ಅಂದರೆ ಅದು. ಕೆಳಗಿನ ಮುಂಹಲ್ಲುಗಳ ಒಳಬದಿಗೆ ನಾಲಿಗೆ ಆಡಿಸಿ ನೋಡಿ. ಜೊಲ್ಲು ಬಂದು ಬೀಳುವುದು ಅಲ್ಲಿಗೇ, ಒರಟಾಗುವುದೂ ಮೊದಲು ಅಲ್ಲೇ. ಸ್ಕೇಲಿಂಗ್ ಮಾಡುವಾಗ ಟಕ್ಕೆಂದು ಎದ್ದು ಬರುವ ಚೂರು ಗೀಸರ್ ಕಾಯಿಲ್ ಮೇಲಿನ ಹಕ್ಕಳೆಯಂತೆಯೇ ಇರುತ್ತದೆ, ಮ. ಅವರು ಹೇಳಿದ್ದು ತೀರಾ ತಮಾಷೆಯಲ್ಲ. ಆದರೆ ನನ್ನ ಕುರ್ಚಿಯಲ್ಲಿ ಕೂತವರು ಅನ್ನುವುದು, "ಡಾಕ್ಟ್ರೇ, ಹಲ್ಲಿಗೆ ಕಿಟ್ಟ ಕಟ್ಟಿದೆ." ಗಾರೆ ಕಟ್ಟಿದೆ ಅನ್ನುವವರೂ ಇದ್ದಾರೆ. ದಂತಶರ್ಕರ ಅಂದವರನ್ನು ಇನ್ನೂ ಕಂಡಿಲ್ಲ.

ನನ್ನ ತಕರಾರು 'ನಿವಾರಕ'ದ ಮೇಲೆ. ಇಂಥ ಪೇಸ್ಟಿಗೆ ಹಾಕುವ ಪೈರೋಫಾಸ್ಫೇಟ್, ಜಿಂಕ್ ಸಿಟ್ರೇಟ್ ಮಾಡುವುದಿಷ್ಟೇ: ಹರಳು ಬೆಳೆಯದಂತೆ ಅಡ್ಡ ನಿಲ್ಲುವುದು. 1985ರಲ್ಲಿ ಅಮೆರಿಕದಲ್ಲಿ ಕ್ರೆಸ್ಟ್ ಎಂಬ ಟೂತ್‌ಪೇಸ್ಟ್ ಬ್ರಾಂಡ್ ಇಂಥದ್ದನ್ನು ಮಾರಾಟಕ್ಕೆ ತಂದಾಗಲೂ ಅದರ ಕೆಲಸ ಇಷ್ಟೇ. ಕಟ್ಟಿ ಕೂತದ್ದನ್ನು ಯಾವ ಪೇಸ್ಟೂ ಕೀಳುವುದಿಲ್ಲ. ಕರಗಿಸುವಷ್ಟು ಹುಳಿ ಹಾಕಿದರೆ ಹಲ್ಲಿನ ಎನಾಮಲ್ಲೇ ಕರಗೀತು. 'ನಿವಾರಕ' ಓದಿದವರು ಇದ್ದದ್ದು ಹೋಗುತ್ತದೆ ಅಂದುಕೊಂಡು ಮೂರು ಟ್ಯೂಬ್ ಮುಗಿಸಿ, ಆಮೇಲೆ ವಸಡಿನಲ್ಲಿ ರಕ್ತ ಸುರಿಸಿಕೊಂಡು ನನ್ನ ಹತ್ತಿರ ಬರುತ್ತಾರೆ. ನಾಮಪದಕ್ಕೆ ಏನಾದರೂ ಹಾಕಿ, 'ಕಟ್ಟದಂತೆ' ಮಾತ್ರ ಬಿಡಬೇಡಿ.

ಶಾ. ಬರೆದದ್ದು:
ನಿವಾರಣೆ ಎಂದರೆ ತಡೆಯುವುದೂ ಹೌದು. ಧಾತು ನೋಡಿ.

ರ. ಬರೆದದ್ದು:
ನೋವು ನಿವಾರಕ ನುಂಗುವವರು ಧಾತು ನೋಡಿಕೊಂಡು ನುಂಗುತ್ತಾರಾ ಸಾರ್?

ಕೆ. ಬರೆದದ್ದು:
ಸರಿಯಾದ ಮಾತು. ಇದೇ ಕಾರಣಕ್ಕೆ ನಾನು ಮೊದಲಿಂದ ಹೇಳುತ್ತಿರುವುದು, ಸರ್ಕಾರಿ ಸುತ್ತೋಲೆಗಳಲ್ಲಿ ಕೂಡ...

ವ. ಬರೆದದ್ದು:
ಕೆ. ಅವರೇ, ಸುತ್ತೋಲೆಗೆ ಬೇರೆ ಎಳೆ ತೆಗೆಯಿರಿ, ಕೈ ಮುಗಿಯುತ್ತೇನೆ. ಕಳಿಸಿದ್ದು ಇದು: 'ಹಲ್ಲಿಗೆ ಕಿಟ್ಟ ಕಟ್ಟದಂತೆ ತಡೆಯುತ್ತದೆ.' ಪ್ಲೇಕಿಗೆ 'ಹಲ್ಲಿನ ಲೋಳೆ'. ಅತ್ತೆ ಓದಿ, "ಹ್ಞಾ, ಹಿಂಗನ್ನಿ" ಅಂದರು. ಕಂಪನಿಯವರು ಕಿಟ್ಟದ ಪಕ್ಕ ಆವರಣದಲ್ಲಿ 'ಟಾರ್ಟರ್' ಸೇರಿಸಿದ್ದಾರೆ, ನಾನು ಜಗಳಕ್ಕೆ ಹೋಗಲಿಲ್ಲ. ಡಾಕ್ಟರಿಗೆ ವಿಶೇಷ ಥ್ಯಾಂಕ್ಸ್.

ಕೆ. ಬರೆದದ್ದು:
ಆ ಆವರಣ ಕಿತ್ತುಹಾಕಿಸಿ.

ಶಾ. ಬರೆದದ್ದು:
'ಆವರಣ' ಸಂಸ್ಕೃತ.